ಪ್ಯಾಚ್ ಬರೆದದ್ದು ಯಾರಿಗೆ, ಅಂಟಿಸಿದ್ದು ಯಾರಿಗೆ? ಅಮೆರಿಕದ ಆಸ್ಪತ್ರೆಗಳಲ್ಲಿ ಸಿಗರೇಟು ಬಿಡಿಸುವ ಚಿಕಿತ್ಸೆ ಮತ್ತು ವರ್ಣಭೇದ

(ಇದು ಹಲವರು ಸೇರಿ ನಡೆಸಿದ ಚರ್ಚೆ. ಪ್ರತಿ ಮಾತಿನ ಮೇಲಿರುವುದು ಮಾತಾಡುವವರ ಅಡ್ಡಹೆಸರು: ಬಿಳಿಕೋಟು ಡಾಕ್ಟರು, ರಾತ್ರಿಪಾಳಿ ನರ್ಸು, ಔಷಧಿಮಳಿಗೆ ಫಾರ್ಮಸಿಯವರು, ಅಂಕಿಸಂಕಿ ಲೆಕ್ಕ ನೋಡುವವರು.)

ಅಂಕಿಸಂಕಿ

ಅಮೆರಿಕದಲ್ಲಿ ಕಪ್ಪು ವರ್ಣೀಯ ಧೂಮಪಾನಿಗಳು ಬಿಳಿಯರಿಗಿಂತ ದಿನಕ್ಕೆ ಕಡಿಮೆ ಸಿಗರೇಟು ಸೇದುತ್ತಾರೆ, ಬಿಡಬೇಕು ಅಂತ ಹೆಚ್ಚು ಸಲ ಪ್ರಯತ್ನ ಮಾಡುತ್ತಾರೆ. ಆದರೂ ಬಿಟ್ಟವರಾಗಿ ಉಳಿಯುವುದು ಕಡಿಮೆ ಜನ. ಜನಾಂಗವಾರು ತಂಬಾಕಿನ ಲೆಕ್ಕವನ್ನು ಸರ್ಜನ್ ಜನರಲ್ (ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯ ಸಲಹೆಗಾರ) ವರದಿ 1998ರಲ್ಲೇ ಮುಂದಿಟ್ಟಿತ್ತು. 2024ರ ನವೆಂಬರಿನ ವರದಿಗೂ ಅದೇ ಅಸಮಾನತೆಯೇ ವಿಷಯ. ನಡುವೆ 26 ವರ್ಷ ಕಳೆದಿದೆ.

ನಾನು ಕೇಳುತ್ತಿರುವುದು ಆಸ್ಪತ್ರೆಯ ಒಳಗಿನ ಮಾತು. ದಾಖಲಾದವರು ಹೇಗೂ ಮೂರು-ನಾಲ್ಕು ದಿನ ಸೇದುವಂತಿಲ್ಲ, ಸುತ್ತ ಡಾಕ್ಟರು, ನರ್ಸು, ಔಷಧಿ ಎಲ್ಲ ಇರುತ್ತವೆ. ವಾರ್ಡಿನಲ್ಲಿ ಶುರುವಾದ ಸಲಹೆ ಮನೆಗೆ ಹೋದ ಮೇಲೂ ಒಂದು ತಿಂಗಳಾದರೂ ಮುಂದುವರಿದರೆ ಬಿಡುವವರ ಪ್ರಮಾಣ ಸುಮಾರು 37% ಹೆಚ್ಚುತ್ತದೆ ಎಂದು 2012ರ ಕಾಕ್ರೇನ್ ಪರಿಶೀಲನೆ (ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡುವಂಥದ್ದು) ಹೇಳಿತು. ಅಂದರೆ ಮಾಡಬೇಕಾದದ್ದು ಗೊತ್ತಿದೆ. ಅದು ಎಲ್ಲರಿಗೂ ಒಂದೇ ಸಮ ಮುಟ್ಟುತ್ತಿಲ್ಲ, ಅಷ್ಟೇ.

ಒಂದು ಲೆಕ್ಕ ಹಾಕಿ ನೋಡಿ (ಇದು ಬರೀ ಗಣಿತ, ಯಾವ ಆಸ್ಪತ್ರೆಯದೂ ಅಲ್ಲ). ಕೇಳುವುದು, ಔಷಧಿ ಬರೆಯುವುದು, ಅದು ರೋಗಿಯ ಮೈಗೆ ಮುಟ್ಟುವುದು, ಮನೆಗೆ ಕೊಟ್ಟು ಕಳಿಸುವುದು, ಆಮೇಲೆ ಫೋನ್ ಮಾಡುವುದು ಅಂತ ಐದು ಮೆಟ್ಟಿಲು. ಒಂದು ಗುಂಪಿಗೆ ಪ್ರತಿ ಮೆಟ್ಟಿಲಲ್ಲೂ 90%, ಇನ್ನೊಂದಕ್ಕೆ 80% ದಾಟಿದರೆ ಕೊನೆಗೆ ಉಳಿಯುವುದು 59 ಮತ್ತು 33. ಎಲ್ಲೂ ಯಾರೂ ದೊಡ್ಡ ತಪ್ಪು ಮಾಡಿರುವುದಿಲ್ಲ. "ಅವರಿಗೇ ಮನಸ್ಸಿಲ್ಲ" ಅನ್ನುವ ಮಾತು ಹುಟ್ಟುವುದು ಈ 33ನ್ನು ನೋಡಿ. ನಿಮ್ಮ ನಿಮ್ಮ ಮೆಟ್ಟಿಲಲ್ಲಿ ಎಲ್ಲಿ ಸೋರುತ್ತದೆ ಹೇಳಿ.

ಬಿಳಿಕೋಟು

ಮೊದಲ ಸೋರಿಕೆ ಡೋಸಿನಲ್ಲೇ ಇದೆ. ಪ್ಯಾಚ್ (ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ) ಪೆಟ್ಟಿಗೆಯ ಮೇಲಿನ ನಿಯಮ ಎಲ್ಲರಿಗೂ ಬಾಯಿಪಾಠ: ದಿನಕ್ಕೆ 10ಕ್ಕಿಂತ ಹೆಚ್ಚು ಸಿಗರೇಟಿದ್ದರೆ 21 ಮಿಗ್ರಾಂ ಆರು ವಾರ, ಆಮೇಲೆ 14 ಎರಡು ವಾರ, 7 ಎರಡು ವಾರ. 10 ಅಥವಾ ಕಡಿಮೆ ಇದ್ದರೆ 14ರಿಂದ ಶುರು, ಆರು ವಾರ, ಆಮೇಲೆ 7 ಎರಡು ವಾರ. ದಿನಕ್ಕೆ ಎಂಟು ಸೇದುವವರನ್ನು "ಸ್ವಲ್ಪ ಸೇದುವವರು" ಅಂತ ಬರೆದುಕೊಂಡು 14 ಹಾಕುತ್ತೇವೆ, ಇಲ್ಲವೇ "ಇಷ್ಟಕ್ಕೆಲ್ಲ ಔಷಧಿ ಯಾಕೆ" ಅಂತ ಬಿಟ್ಟೇಬಿಡುತ್ತೇವೆ.

1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದ ಎರಡು ಅಧ್ಯಯನಗಳು ಈ ಎಣಿಕೆಯ ಬುಡವನ್ನೇ ಅಲ್ಲಾಡಿಸಿದವು. ಅಷ್ಟೇ ಸಿಗರೇಟು ಸೇದಿದರೂ ಕಪ್ಪು ವರ್ಣೀಯರ ರಕ್ತದಲ್ಲಿ ಕೊಟಿನಿನ್ (ನಿಕೋಟಿನ್ ಒಡೆದು ಆಗುವ ವಸ್ತು) ಸರಾಸರಿಯಲ್ಲಿ ಹೆಚ್ಚಿತ್ತು. ಒಂದೊಂದು ಸಿಗರೇಟಿನಿಂದ ಹೀರಿಕೊಳ್ಳುವ ನಿಕೋಟಿನ್ ಹೆಚ್ಚು, ಕೊಟಿನಿನ್ ಮೈಯಿಂದ ಹೊರಹೋಗುವುದು ನಿಧಾನ. ದುಡ್ಡಿನ ಮಾತೂ ಇದೆ. ಪ್ಯಾಕು ದುಬಾರಿಯಾದಾಗ ಕಡಿಮೆ ಸಿಗರೇಟನ್ನು ಆಳವಾಗಿ, ಬುಡದವರೆಗೆ ಸೇದುತ್ತಾರೆ.

ಹಾಗಾಗಿ ಎಷ್ಟು ಅಂತ ಕೇಳುವ ಮೊದಲು ಯಾವಾಗ ಅಂತ ಕೇಳಿ: "ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು?" 30 ನಿಮಿಷದೊಳಗೆ ಅಂದರೆ ತಲುಬು ಗಟ್ಟಿ ಇದೆ ಅಂತಲೇ ಅರ್ಥ, ಎಣಿಕೆ ಆರಿರಲಿ ಹದಿನಾರಿರಲಿ. ನಿಕೋಟಿನ್ ಗಮ್ ಮತ್ತು ಲೋಜೆಂಜಿನ (ಬಾಯಲ್ಲಿ ಕರಗಿಸುವ ಮಾತ್ರೆ) ನಿಯಮ ಹೇಗೂ ಇದರ ಮೇಲೇ ನಿಂತಿದೆ: 30 ನಿಮಿಷದೊಳಗಿದ್ದರೆ 4 ಮಿಗ್ರಾಂ, ಆಮೇಲಾದರೆ 2. ಎಂಟು ಸೇದುವ, ಎದ್ದ ಕೂಡಲೇ ಹಚ್ಚುವ ರೋಗಿಗೆ 14ರ ಪ್ಯಾಚ್ ಜೊತೆಗೆ 4ರ ಲೋಜೆಂಜ್ ಹಾಕಿ ಮಾರನೆಯ ದಿನ ನೋಡಬೇಕು. ತಲುಬು ತಗ್ಗಿಲ್ಲ, ವಾಕರಿಕೆ ಎದೆಬಡಿತ ಬೆವರು ಯಾವುದೂ ಇಲ್ಲ ಅಂದರೆ 21ಕ್ಕೆ ಏರಿಸಬಹುದು. ಪ್ಯಾಚ್ ಒಂದನ್ನೇ ಅಂಟಿಸಿ ಕೂತರೆ ಅದು ರಕ್ತಕ್ಕೆ ಏರಲು ಗಂಟೆಗಳೇ ಬೇಕು. ಅಷ್ಟರಲ್ಲಿ ರೋಗಿ ಐವಿ ಸ್ಟ್ಯಾಂಡ್ ಎಳೆದುಕೊಂಡು ಲಿಫ್ಟಿನ ಹತ್ತಿರ ನಿಂತಿರುತ್ತಾರೆ.

ಹೊಗೆಬತ್ತಿ

ಹಾಗಾದರೆ ಡಾಕ್ಟ್ರೇ, ಜನಾಂಗ ನೋಡಿ ಡೋಸ್ ಬದಲಿಸಿ ಅಂತಲೇ?

ಬಿಳಿಕೋಟು

ಖಂಡಿತ ಅಲ್ಲ. ಸರಾಸರಿ ಗುಂಪಿನದು, ಎದುರು ಮಲಗಿರುವವರು ಒಬ್ಬರು. ಜನಾಂಗದ ಕಾಲಂ ನೋಡಿ ಸೂತ್ರ ತಿದ್ದುವ ಅಭ್ಯಾಸದ ಗತಿ ಏನಾಯಿತು ಅಂತ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನುವ ಲೆಕ್ಕದಲ್ಲಿ ನೋಡಿದ್ದೇವೆ. ಕಪ್ಪು ವರ್ಣೀಯರಿಗೆ ಮಾತ್ರ ಮಾಡುತ್ತಿದ್ದ ಗುಣಾಕಾರವನ್ನೇ 2021ರಲ್ಲಿ ತೆಗೆದರು. ಮೊದಲ ಸಿಗರೇಟಿನ ಹೊತ್ತನ್ನು ಎಲ್ಲರಿಗೂ ಕೇಳಿ, ಎಲ್ಲರಿಗೂ ಒಂದೇ ನಿಯಮ ಹಚ್ಚಿ. ಹೆಚ್ಚು ಲಾಭ ಯಾರಿಗೆ ಆಗಬೇಕೋ ಅವರಿಗೆ ತಾನಾಗೇ ಆಗುತ್ತದೆ.

ಎಣಿಕೆಯನ್ನೇ ನಂಬಿ ಕೆಟ್ಟ ಇನ್ನೊಂದು ಜಾಗ ಶ್ವಾಸಕೋಶ ಕ್ಯಾನ್ಸರ್ ತಪಾಸಣೆ. 2013ರ ನಿಯಮ 55ರಿಂದ 80 ವಯಸ್ಸು, 30 ಪ್ಯಾಕ್-ವರ್ಷ (ದಿನಕ್ಕೊಂದು ಪ್ಯಾಕಿನಂತೆ ವರ್ಷವಿಡೀ ಸೇದಿದರೆ ಒಂದು) ಕೇಳುತ್ತಿತ್ತು. ಕಡಿಮೆ ಸೇದಿಯೂ ಬೇಗ ಕ್ಯಾನ್ಸರ್ ಬರುತ್ತಿದ್ದ ಕಪ್ಪು ವರ್ಣೀಯರು ಹೊರಗುಳಿದರು. 2021ರಲ್ಲಿ ಅದು 50 ವಯಸ್ಸು, 20 ಪ್ಯಾಕ್-ವರ್ಷಕ್ಕೆ ಇಳಿಯಿತು.

ರಾತ್ರಿಪಾಳಿ

ಡೋಸಿನ ಮಾತು ಸರಿ. ಆದರೆ ಬರೆದದ್ದು ಮೈಮೇಲೆ ಅಂಟುವುದರೊಳಗೆ ಏನೇನಾಗುತ್ತದೆ ಅಂತ ನರ್ಸಿಂಗ್ ಕಡೆಯಿಂದ ಹೇಳುತ್ತೇನೆ.

ತುರ್ತು ವಿಭಾಗದಿಂದ ನಡುರಾತ್ರಿ ವಾರ್ಡಿಗೆ ಬಂದವರಿಗೆ ದಾಖಲಾತಿ ಪ್ರಶ್ನೆಗಳು ಮುಗಿಯುವಾಗ ಎರಡು ಗಂಟೆ. ನೋವಿನಲ್ಲಿ, ನಿದ್ದೆಗಣ್ಣಿನಲ್ಲಿ "ಪ್ಯಾಚ್ ಬೇಕಾ?" ಅಂದರೆ ಯಾರಾದರೂ "ಬೇಡ" ಅಂತಾರೆ. ಪರದೆಯಲ್ಲಿ ಒಂದೇ ಗುಂಡಿ ಇದೆ: ನಿರಾಕರಿಸಿದರು. ಒಮ್ಮೆ ಒತ್ತಿದರೆ ಡಿಸ್ಚಾರ್ಜ್ ತನಕ ಆ ಪ್ರಶ್ನೆ ಮತ್ತೆ ಮೇಲೇಳುವುದೇ ಇಲ್ಲ. ಆ ಗುಂಡಿಯನ್ನು ನಾಲ್ಕಾಗಿ ಒಡೆಯಬೇಕು: ಈಗ ಬೇಡ ಅಂದರು, ಪ್ಯಾಚ್ ಬೇಡ ಗಮ್ ಆಗಬಹುದು ಅಂದರು, ಯಾವುದೂ ಬೇಡ ಅಂದರು, ಕೇಳಲು ಆಗಲಿಲ್ಲ. ಮೊದಲನೆಯದು ಮತ್ತು ಕೊನೆಯದು ಒತ್ತಿದರೆ 12 ಗಂಟೆಯ ನಂತರ ಹಗಲು ಪಾಳಿಯವರ ಪಟ್ಟಿಗೆ ತಾನಾಗಿ ಬರಬೇಕು.

"ನಿರಾಕರಿಸಿದರು" ಅನ್ನುವ ಪದಕ್ಕೆ ಬಣ್ಣವೂ ಇದೆ. 2022ರಲ್ಲಿ ಹೆಲ್ತ್ ಅಫೇರ್ಸ್ ಪತ್ರಿಕೆಯಲ್ಲಿ ಬಂದ ಶಿಕಾಗೋದ ಅಧ್ಯಯನ 18,459 ರೋಗಿಗಳ ಟಿಪ್ಪಣಿ ಜಾಲಾಡಿತು. ಹೇಳಿದ ಮಾತು ಕೇಳುವುದಿಲ್ಲ, ಸಹಕರಿಸುವುದಿಲ್ಲ ಎನ್ನುವಂಥ ನಕಾರದ ಪದ ಕಪ್ಪು ವರ್ಣೀಯರ ದಾಖಲೆಯಲ್ಲಿ ಇರುವ ಸಾಧ್ಯತಾ ಅನುಪಾತ ಬಿಳಿಯರಿಗಿಂತ 2.54 ಪಟ್ಟು. ಮುಂದಿನ ಪಾಳಿಯವರು ರೋಗಿಯನ್ನು ನೋಡುವ ಮೊದಲು ಓದುವುದು ಅದನ್ನೇ.

ಇನ್ನು ಚರ್ಮ. ಪ್ಯಾಚ್ ಕೆಳಗೆ ಕೆಂಪಾಗಿದೆಯಾ ನೋಡಿ ಅಂತ ನಮಗೆ ಕಲಿಸಿದ್ದಾರೆ. ಕಪ್ಪು ಚರ್ಮದಲ್ಲಿ ಉರಿಯೂತ ಕೆಂಪಾಗಿ ಕಾಣುವುದಿಲ್ಲ, ಸುತ್ತಲಿಗಿಂತ ಗಾಢ ಕಂದು ಅಥವಾ ನೇರಳೆ ಛಾಯೆ, ಕೆಲವೊಮ್ಮೆ ಬೂದು. ಕೆಂಪಿಲ್ಲ ಅಂತ "ಚರ್ಮ ಸರಿಯಿದೆ" ಅಂತ ಟಿಕ್ ಹಾಕುತ್ತೇವೆ, ರೋಗಿ ತುರಿಕೆ ತಡೆಯಲಾರದೆ ಬಚ್ಚಲಲ್ಲಿ ಕಿತ್ತು ಎಸೆದಿರುತ್ತಾರೆ, ಮತ್ತೆ "ನಿರಾಕರಿಸಿದರು". ಕಣ್ಣಿಗಿಂತ ಕೈ ವಾಸಿ. ಬೆರಳ ಹಿಂಬದಿಯಿಂದ ಮುಟ್ಟಿ ಬಿಸಿ ಇದೆಯಾ, ದಪ್ಪಗಾಗಿದೆಯಾ ನೋಡಿ, ತುರಿಕೆ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ದಿನಾ ಜಾಗ ಬದಲಿಸಿ, ಕೂದಲಿಲ್ಲದ ಒಣ ಚರ್ಮ, ತೋಳಿನ ಮೇಲ್ಭಾಗ ಅಥವಾ ಬೆನ್ನು. ಲೋಷನ್ ಹಚ್ಚಿದ ಜಾಗದಲ್ಲಿ ಅಂಟು ಹಿಡಿಯುವುದಿಲ್ಲ. ಹಳೆಯ ಜಾಗದ ತುರಿಕೆಗೆ ಹೈಡ್ರೊಕಾರ್ಟಿಸೋನ್ ಮುಲಾಮು ಸಾಕು.

ಎಂಆರ್‌ಐ ಮರೆಯಬೇಡಿ. ಕೆಲವು ಪ್ಯಾಚುಗಳ ಬೆನ್ನಿಗೆ ಅಲ್ಯೂಮಿನಿಯಂ ಪದರ ಇರುತ್ತದೆ, ಸ್ಕ್ಯಾನಿನಲ್ಲಿ ಚರ್ಮ ಸುಡಬಹುದು, ತೆಗೆಯಲೇಬೇಕು. ತೆಗೆಯುವುದು ಸ್ಕ್ಯಾನ್ ಕೋಣೆಯವರು. ಹೊಸದು ಹಾಕುವುದು ಯಾರು? ಯಾರೂ ಅಲ್ಲ. ಮಾರನೆಯ ಬೆಳಿಗ್ಗೆ ಒಂಬತ್ತರವರೆಗೆ ರೋಗಿ ಬರಿಮೈ.

ಔಷಧಿಮಳಿಗೆ

ನಡುವೆ ಒಂದು ಮಾತು. ಹೃದಯಾಘಾತ ಆದವರಿಗೆ ಪ್ಯಾಚ್ ಬೇಡ ಅಂತ ಕೆಲವು ಡಾಕ್ಟರು ಇನ್ನೂ ತಡೆಯುತ್ತಾರೆ. ಸಿಗರೇಟಿನಲ್ಲಿ ನಿಕೋಟಿನ್ ಜೊತೆ ಕಾರ್ಬನ್ ಮಾನಾಕ್ಸೈಡೂ ಇರುತ್ತದೆ, ಪ್ಯಾಚಿನಲ್ಲಿ ಅದಿಲ್ಲ. ಹೋಲಿಸಬೇಕಾದದ್ದು ಪ್ಯಾಚ್ ಮತ್ತು ಸಿಗರೇಟನ್ನು, ಪ್ಯಾಚ್ ಮತ್ತು ಶುದ್ಧ ಗಾಳಿಯನ್ನಲ್ಲ.

ನನ್ನ ಮೆಟ್ಟಿಲು ಡಿಸ್ಚಾರ್ಜ್. ಸಾರಾಂಶದಲ್ಲಿ "ನಿಕೋಟಿನ್ ಪ್ಯಾಚ್ ಮುಂದುವರಿಸಿ" ಅಂತ ಇರುತ್ತದೆ, ಚೀಟಿ ಇರುವುದಿಲ್ಲ. ಪ್ಯಾಚ್ ಅಂಗಡಿಯಲ್ಲಿ ಚೀಟಿ ಇಲ್ಲದೆಯೂ ಸಿಗುತ್ತದಲ್ಲ ಅನ್ನುವ ಸಸಾರ. ಸಿಗುತ್ತದೆ, ಕೈಯಿಂದ ದುಡ್ಡು ಕೊಟ್ಟರೆ. ಮೆಡಿಕೈಡ್ (ಬಡವರಿಗೆ ಸರ್ಕಾರದ ಆರೋಗ್ಯ ವಿಮೆ) ದುಡ್ಡು ಕೊಡಬೇಕಾದರೆ ಅದಕ್ಕೂ ಚೀಟಿ ಬೇಕು. 2014ರ ಜನವರಿಯಿಂದ ಯಾವ ರಾಜ್ಯದ ಮೆಡಿಕೈಡೂ ತಂಬಾಕು ಬಿಡಿಸುವ ಔಷಧಿಗಳನ್ನು ಪಟ್ಟಿಯಿಂದ ಹೊರಗಿಡುವಂತಿಲ್ಲ. ಆದರೆ ಪೂರ್ವಾನುಮತಿ, ವರ್ಷಕ್ಕೆ ಇಷ್ಟೇ ಸಲ ಅನ್ನುವ ಮಿತಿ ಹಲವು ಕಡೆ ಉಳಿದಿವೆ. ಶುಕ್ರವಾರ ಸಂಜೆ ಡಿಸ್ಚಾರ್ಜ್ ಆದವರ ಪೂರ್ವಾನುಮತಿ ಸೋಮವಾರ ಬರುತ್ತದೆ, ಸಿಗರೇಟು ಶುಕ್ರವಾರ ರಾತ್ರಿಯೇ ಬಂದಿರುತ್ತದೆ. ಇನ್ನು ಟೆಕ್ಸಸ್, ಫ್ಲೋರಿಡಾ, ಜಾರ್ಜಿಯಾ, ಅಲಬಾಮ, ಮಿಸಿಸಿಪ್ಪಿಯಂಥ ರಾಜ್ಯಗಳು ಮೆಡಿಕೈಡ್ ವಿಸ್ತರಿಸಿಯೇ ಇಲ್ಲ, ಕಪ್ಪು ವರ್ಣೀಯರು ದೊಡ್ಡ ಸಂಖ್ಯೆಯಲ್ಲಿ ಇರುವುದೂ ಅಲ್ಲೇ.

ದಾರಿ ಒಂದೇ: ಔಷಧಿ ಹಾಸಿಗೆಗೇ ಬರಬೇಕು, ರೋಗಿ ಬಟ್ಟೆ ಹಾಕಿಕೊಳ್ಳುವ ಮೊದಲು. ಒಂದು ವಾರದ್ದಲ್ಲ. ಆರು ವಾರಕ್ಕೆ 42 ಪ್ಯಾಚು, ಅಂದರೆ ಒಂದೊಂದರಲ್ಲಿ 14 ಪ್ಯಾಚಿರುವ ಮೂರು ಪೆಟ್ಟಿಗೆ, ಜೊತೆಗೆ ಲೋಜೆಂಜ್. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದ, 2014ರಲ್ಲಿ ಜಾಮಾದಲ್ಲಿ ಬಂದ ಪ್ರಯೋಗದಲ್ಲಿ 90 ದಿನದವರೆಗೆ ಔಷಧಿ ಉಚಿತ ಕೊಟ್ಟು, ಯಂತ್ರದ ಕರೆಗಳನ್ನು ಕಳಿಸಿದರು. ಆರು ತಿಂಗಳಿಗೆ ಬಿಟ್ಟವರು 26%, ಮಾಮೂಲಿ ಸಲಹೆ ಪಡೆದವರಲ್ಲಿ 15%.

ಸಿಗರೇಟು ಬಿಡಿಸುವ ಮಾತ್ರೆ ವರೆನಿಕ್ಲಿನ್ ಬಗ್ಗೆಯೂ ಜನ ಹಿಂಜರಿಯುತ್ತಾರೆ. ಮೊದಲ ಮೂರು ದಿನ 0.5 ಮಿಗ್ರಾಂ ದಿನಕ್ಕೊಂದು, 4ರಿಂದ 7ನೇ ದಿನ 0.5 ಎರಡು ಹೊತ್ತು, 8ರಿಂದ 1 ಮಿಗ್ರಾಂ ಎರಡು ಹೊತ್ತು, ಒಟ್ಟು 12 ವಾರ. ಊಟದ ಮೇಲೆ, ಪೂರ್ತಿ ಲೋಟ ನೀರಿನ ಜೊತೆ. ಖಾಲಿ ಹೊಟ್ಟೆಗೆ ನುಂಗಿ ವಾಂತಿಯಾಗಿ ಬಿಟ್ಟವರೇ ಜಾಸ್ತಿ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಕೆಲಸದ ಅಳತೆ) 30ಕ್ಕಿಂತ ಕೆಳಗಿದ್ದರೆ 0.5 ಎರಡು ಹೊತ್ತಿಗಿಂತ ಮೇಲೆ ಹೋಗಬಾರದು. 2016ರ ಈಗಲ್ಸ್ ಪ್ರಯೋಗದ ನಂತರ ಮಾನಸಿಕ ತೊಂದರೆಯ ಕಪ್ಪು ಚೌಕದ ಎಚ್ಚರಿಕೆಯನ್ನು (ಔಷಧಿಯ ಮೇಲಿನ ಅತಿ ಗಂಭೀರ ಎಚ್ಚರಿಕೆ) ಅಮೆರಿಕದ ಔಷಧಿ ನಿಯಂತ್ರಕ ಎಫ್‌ಡಿಎ ತೆಗೆದಿದೆ, ಆದರೆ ಅದರ ಭಯ ಹೋಗಿಲ್ಲ.

"ಕಡಿಮೆ ಸೇದುವವರಿಗೆ ಇದು ಬೇಡ" ಅನ್ನುವವರಿಗೆ ಕಾನ್ಸಾಸ್ ಸಿಟಿಯ ಸ್ವೋಪ್ ಹೆಲ್ತ್‌ನಲ್ಲಿ 500 ಕಪ್ಪು ವರ್ಣೀಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿ. ದಿನಕ್ಕೆ 10 ಅಥವಾ ಕಡಿಮೆ ಸೇದುವವರೂ ಅದರಲ್ಲಿದ್ದರು. 26ನೇ ವಾರಕ್ಕೆ ಬಿಟ್ಟವರು ವರೆನಿಕ್ಲಿನ್ ಗುಂಪಿನಲ್ಲಿ 15.7%, ಹುಸಿಮಾತ್ರೆ ಗುಂಪಿನಲ್ಲಿ 6.5%.

ಹೊಗೆಬತ್ತಿ

ಎಲ್ಲ ಸರಿ, ಆದರೆ ನೀವು ನಲ್ಲಿ ಬಿಟ್ಟು ನೆಲ ಒರೆಸುತ್ತಿದ್ದೀರಿ. ಕಪ್ಪು ವರ್ಣೀಯ ಧೂಮಪಾನಿಗಳಲ್ಲಿ ಹತ್ತಕ್ಕೆ ಎಂಟು ಜನ ಮೆಂಥಾಲ್ (ಪುದೀನದ ತಂಪು ಸ್ವಾದದ) ಸಿಗರೇಟು ಸೇದುತ್ತಾರೆ. ಅವರ ಕೇರಿಗಳಲ್ಲಿ ಬಿಟ್ಟಿ ಹಂಚಿ, ಅವರದೇ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ದಶಕಗಟ್ಟಲೆ ಬೆಳೆಸಿದ ಚಟ ಅದು. 2009ರ ಕಾನೂನು ಸಿಗರೇಟಿನ ಉಳಿದೆಲ್ಲ ಸ್ವಾದಗಳನ್ನು ನಿಷೇಧಿಸಿ ಮೆಂಥಾಲನ್ನು ಮಾತ್ರ ಬಿಟ್ಟಿತು. 2022ರ ಏಪ್ರಿಲಿನಲ್ಲಿ ನಿಷೇಧದ ಪ್ರಸ್ತಾವ ಬಂತು, 2025ರ ಜನವರಿಯಲ್ಲಿ ವಾಪಸಾಯಿತು. ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾ ತಮ್ಮಷ್ಟಕ್ಕೆ ಮಾಡಿಕೊಂಡಿವೆ. ವಾರ್ಡಿನಲ್ಲಿ ಗುಂಡಿ ನಾಲ್ಕು ಮಾಡಿದರೆ ಇದು ಹೋಗುತ್ತದೆಯೇ?

ರಾತ್ರಿಪಾಳಿ

ಹೋಗುವುದಿಲ್ಲ ಸರ್. ಆದರೆ ನಿಷೇಧ ಬರುವವರೆಗೆ ಹಾಸಿಗೆ ನಂಬರ್ ಹನ್ನೆರಡರವರು ಕಾಯುತ್ತಾರೆಯೇ? ಮೆಂಥಾಲ್ ಗಂಟಲನ್ನು ತಂಪು ಮಾಡುತ್ತದೆ, ಹೊಗೆಯ ಕಟುವು ಗೊತ್ತಾಗುವುದಿಲ್ಲ, ದಮ್ಮು ಆಳಕ್ಕೆ ಇಳಿಯುತ್ತದೆ. "ಇದು ಮೆತ್ತಗಿನ ಸಿಗರೇಟು" ಅಂತ ನಂಬಿದವರಿಗೆ ಆ ತಂಪು ಕಟುವನ್ನು ಮುಚ್ಚುತ್ತದೆ, ಹಾನಿಯನ್ನಲ್ಲ ಅಂತ ಬಿಡಿಸಿ ಹೇಳಬೇಕು. ಪುದೀನ ಸ್ವಾದದ ಲೋಜೆಂಜ್ ಕೊಡಿ, ಬಾಯಿಗೆ ಆ ತಂಪು ಬೇಕು. ಜಗಿದು ನುಂಗಬಾರದು, ಕೆನ್ನೆಗೆ ಒತ್ತಿ ಕರಗಲು ಬಿಡಬೇಕು. 15 ನಿಮಿಷ ಮೊದಲಿಂದ ಕಾಫಿ, ಕೋಲಾ, ಕಿತ್ತಳೆ ರಸ ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಹೋಗುವುದಿಲ್ಲ. ಬೆಳಗಿನ ತಿಂಡಿಯ ತಟ್ಟೆಯಲ್ಲಿ ಕಾಫಿ ಮತ್ತು ಗಮ್ ಒಟ್ಟಿಗೆ ಇಟ್ಟು ಹೋದರೆ ಗಮ್ ದಂಡ.

ದುಭಾಷಿ

ಕಪ್ಪು-ಬಿಳುಪಿನ ಆಚೆಗೂ ಸ್ವಲ್ಪ ನೋಡಿ. ಅಮೆರಿಕದಲ್ಲಿ ಸೇದುವವರ ಪ್ರಮಾಣ ಎಲ್ಲಕ್ಕಿಂತ ಹೆಚ್ಚಿರುವುದು ಮೂಲನಿವಾಸಿಗಳಲ್ಲಿ. ಅವರಲ್ಲಿ ಹಲವು ಸಮುದಾಯಗಳಿಗೆ ಹೊಗೆಸೊಪ್ಪು ಪೂಜೆಯ ವಸ್ತು. "ತಂಬಾಕು ಬಿಡಿ" ಅಂದರೆ ದೇವರ ಕೋಣೆಯ ಊದುಬತ್ತಿ ಎಸೆಯಿರಿ ಅಂದ ಹಾಗೆ ಕೇಳಿಸುತ್ತದೆ. ಪ್ರಶ್ನೆಯಲ್ಲಿ "ಅಂಗಡಿಯ ತಂಬಾಕು" ಅನ್ನುವ ಒಂದು ಪದ ಸೇರಿಸಿದರೆ ಮಾತು ಮುಂದುವರಿಯುತ್ತದೆ.

"ಏಷ್ಯನ್" ಅನ್ನುವ ಒಂದೇ ಡಬ್ಬಿಯೂ ಹೀಗೇ. ಸರಾಸರಿ ಕಡಿಮೆ ಅಂತ ಯಾರೂ ಒಳಗೆ ಇಣುಕುವುದಿಲ್ಲ, ವಿಯೆಟ್ನಾಮೀ ಮತ್ತು ಕೊರಿಯನ್ ಗಂಡಸರ ಲೆಕ್ಕ ಅದರಲ್ಲಿ ಮುಳುಗುತ್ತದೆ. ಅವರಿಗೂ ಚೀನೀ ಮಾತಾಡುವವರಿಗೂ ಅವರವರ ಭಾಷೆಯಲ್ಲಿ ಬಿಡಲು ನೆರವಾಗುವ ಫೋನ್ ಸೇವೆ, ಏಷ್ಯನ್ ಸ್ಮೋಕರ್ಸ್ ಕ್ವಿಟ್‌ಲೈನ್ ಇದೆ. ನಮ್ಮವರ ಸಂಗತಿ ಬೇರೆ. "ಸಿಗರೇಟು ಸೇದುತ್ತೀರಾ?" ಅಂದರೆ "ಇಲ್ಲ" ಅಂತಾರೆ, ಸುಳ್ಳಲ್ಲ, ಬಾಯಲ್ಲಿ ಇರುವುದು ಗುಟ್ಕಾ ಅಥವಾ ಎಲೆಅಡಿಕೆ ಜೊತೆಯ ಹೊಗೆಸೊಪ್ಪು. ಮಕ್ಕಳ ಮನೆಗೆ ಬಂದ ಅಪ್ಪ-ಅಮ್ಮ ದಾಖಲಾದಾಗ ಮಗನನ್ನೇ ದುಭಾಷಿ ಮಾಡಿದರಂತೂ ಮುಗಿಯಿತು, ಮಗನ ಮುಂದೆ ಯಾವ ತಂದೆ ಒಪ್ಪುತ್ತಾರೆ? ಕನ್ನಡದ ದುಭಾಷಿಯನ್ನು ಫೋನಿನಲ್ಲಿ ಕರೆಸಿ, ಮಗನನ್ನು ಕಾಫಿಗೆ ಕಳಿಸಿ, "ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ, ಗುಟ್ಕಾ ಏನಾದರೂ?" ಅಂತ ಹೆಸರು ಹಿಡಿದು ಕೇಳಬೇಕು. ಊರಿಗೆ ಮರಳಿದ ಮೇಲೆ ಭಾರತದ 1800-11-2356 ಸಹಾಯವಾಣಿ ಇದೆ, ಅದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಅಂಕಿಸಂಕಿ

ಅಳತೆಯ ಬಗ್ಗೆ ಎರಡು ಎಚ್ಚರಿಕೆ.

ಆರು ತಿಂಗಳ ಫೋನಿಗೆ ಸಿಗದವರನ್ನೆಲ್ಲ "ಸೇದುತ್ತಿದ್ದಾರೆ" ಅಂತ ಲೆಕ್ಕ ಹಾಕುವುದು ಈ ಕ್ಷೇತ್ರದ ರೂಢಿ. ಎರಡು ಗುಂಪು, ತಲಾ 100 ಜನ ಅಂತಿಟ್ಟುಕೊಳ್ಳಿ. ಫೋನಿಗೆ ಸಿಕ್ಕವರು ಒಂದರಲ್ಲಿ 80, ಇನ್ನೊಂದರಲ್ಲಿ 60, ಸಿಕ್ಕವರಲ್ಲಿ ಬಿಟ್ಟವರು ಎರಡರಲ್ಲೂ ಕಾಲು ಭಾಗ. ವರದಿಯಲ್ಲಿ 20% ಮತ್ತು 15% ಅಂತ ಬರುತ್ತದೆ. ಆ ಐದರ ಅಂತರ ಫೋನ್ ನಂಬರಿನದು, ಸಿಗರೇಟಿನದಲ್ಲ. ಪ್ರೀಪೇಯ್ಡ್ ನಂಬರು ಬದಲಾಗುತ್ತದೆ, ಆಸ್ಪತ್ರೆಯ ಕರೆ ಸ್ಪ್ಯಾಮ್ ಅಂತ ತೋರಿಸುತ್ತದೆ. ಡಿಸ್ಚಾರ್ಜಿಗೆ ಮೊದಲು ಎರಡನೇ ನಂಬರು ಬರೆದುಕೊಂಡು, ಕರೆ ಬರುವ ನಂಬರನ್ನು ರೋಗಿಯ ಮೊಬೈಲಿನಲ್ಲಿ ಅಲ್ಲೇ ಸೇವ್ ಮಾಡಿಸಿ. ಸಿಕ್ಕವರ ಪ್ರಮಾಣವನ್ನು ಬೇರೆ ಸಾಲಿನಲ್ಲಿ ತೋರಿಸಿ.

ಇನ್ನೊಂದು, ತಿಂಗಳ ಚಾರ್ಟು ನೋಡಿ ಕುಣಿಯಬೇಡಿ. ತಿಂಗಳಿಗೆ ಒಂಬತ್ತು ಜನ ಇರುವ ಗುಂಪಿನಲ್ಲಿ ಒಬ್ಬರು ತಪ್ಪಿದರೆ 11 ಅಂಕ ಬೀಳುತ್ತದೆ. ಹಿಂದಿನ 12 ತಿಂಗಳ ಒಟ್ಟು ಲೆಕ್ಕ ಇಡಿ. ಜನಾಂಗದ ಕಾಲಂ ತುಂಬಿದವರು ಯಾರು ಅಂತಲೂ ನೋಡಿ. ಗುಮಾಸ್ತರು ಮುಖ ನೋಡಿ ತುಂಬಿದ್ದರೆ ಕೆಳಗಿನ ಲೆಕ್ಕವೆಲ್ಲ ಗಾಳಿಗೋಪುರ.

ಬಿಳಿಕೋಟು

ಕೊನೆಗೆ ಕೇಳದೆಯೇ ಚಿಕಿತ್ಸೆ ಶುರುಮಾಡುವ ಪದ್ಧತಿ. ಅಂದರೆ ಬೇಡ ಅಂದವರನ್ನು ಬಿಟ್ಟು ಎಲ್ಲರಿಗೂ ಆರ್ಡರ್ ಮೊದಲೇ ಟಿಕ್ ಆಗಿರುವುದು. ಕಾನ್ಸಾಸ್‌ನ ಪ್ರಯೋಗದಲ್ಲಿ (2023) ಒಂದು ತಿಂಗಳಿಗೆ ಬಿಟ್ಟವರು 22%, ಕೇಳಿದ ಮೇಲೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ 16%. ಆರು ತಿಂಗಳಿಗೆ ಆ ಅಂತರ ಉಳಿಯಲಿಲ್ಲ, ಅದನ್ನು ಮುಚ್ಚಿಡಬಾರದು. ನನಗೆ ಇದು ಇಷ್ಟವಾಗುವುದು ಬೇರೆ ಕಾರಣಕ್ಕೆ: "ಇವರು ಬಿಡುವವರ ಹಾಗೆ ಕಾಣುವುದಿಲ್ಲ" ಅಂತ ಮುಖ ನೋಡಿ ತೀರ್ಮಾನಿಸುವ ಅವಕಾಶ ನನ್ನಂಥವರ ಕೈತಪ್ಪುತ್ತದೆ.

ಹೊಗೆಬತ್ತಿ

ಅಲಬಾಮದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ವರ್ಣೀಯ ಗಂಡಸರಿಗೆ ಹೇಳದೆ ಕೇಳದೆ, ಚಿಕಿತ್ಸೆ ಕೊಡದೆ ಅಧ್ಯಯನ ನಡೆಸಿದ್ದು ತಿಳಿದ ಜನಕ್ಕೆ "ಕೇಳದೆಯೇ" ಅನ್ನುವ ಪದವೇ ಸಾಕು, ಬಾಗಿಲು ಮುಚ್ಚುತ್ತಾರೆ.

ರಾತ್ರಿಪಾಳಿ

ಟಿಕ್ ಆಗಿರುವುದು ಆರ್ಡರ್, ಪ್ಯಾಚ್ ಅಲ್ಲ. ಅಂಟಿಸುವ ಮುಂಚೆ ಹೇಳಿಯೇ ಹೇಳುತ್ತೇವೆ: "ಇಲ್ಲಿ ಸೇದುವವರೆಲ್ಲರಿಗೂ ತಲುಬಿಗೆ ಇದನ್ನು ಕೊಡುತ್ತೇವೆ. ಬಿಡಲೇಬೇಕು ಅಂತಿಲ್ಲ, ಇಲ್ಲಿರುವಷ್ಟು ದಿನ ಒದ್ದಾಡಬಾರದು ಅಂತ. ತೋಳಿಗೆ ಹಾಕಲೇ, ಬೆನ್ನಿಗೆ ಹಾಕಲೇ?" "ಎಲ್ಲರಿಗೂ" ಅನ್ನುವುದು ಮುಖ್ಯ, ನಿಮ್ಮನ್ನು ಮಾತ್ರ ಆರಿಸಿಲ್ಲ ಅಂತ ಗೊತ್ತಾಗುತ್ತದೆ. ಸಿಗರೇಟು ಎಷ್ಟು ಕೆಟ್ಟದ್ದು ಅನ್ನುವ ಭಾಷಣ ಆ ಹೊತ್ತಿಗೆ ಬೇಡ.

ಅಂಕಿಸಂಕಿ

ಸೋಮವಾರ ಒಂದೇ ಒಂದು ಬದಲಿಸಬಹುದು ಅಂದರೆ ಏನು ಬದಲಿಸುತ್ತೀರಿ?

ಔಷಧಿಮಳಿಗೆ

ವಾರ್ಡಿನ ಔಷಧಿ ಕಪಾಟು ತೆರೆದು ನೋಡುತ್ತೇನೆ. ಪ್ಯಾಚ್ ಇರುತ್ತದೆ, 4ರ ಲೋಜೆಂಜ್ ಹೆಚ್ಚಿನ ಕಡೆ ಇರುವುದಿಲ್ಲ, ಕೆಳಗಿನ ಮುಖ್ಯ ಫಾರ್ಮಸಿಯಿಂದ ಬರಬೇಕು. ಅದು ಬರುವುದರೊಳಗೆ ತಲುಬು ಎರಡು ಸಲ ಬಂದು ಹೋಗಿರುತ್ತದೆ. ಪ್ರತಿ ವಾರ್ಡಿನ ಕಪಾಟಿಗೂ 2 ಮತ್ತು 4ರ ಲೋಜೆಂಜ್, ಪುದೀನದ್ದು. ಕನಿಷ್ಠ ದಾಸ್ತಾನು ಮಟ್ಟ ಗೊತ್ತುಮಾಡಿ, ಶನಿವಾರ-ಭಾನುವಾರದ ಭರ್ತಿಯನ್ನೂ ಸೇರಿಸಿ.

ರಾತ್ರಿಪಾಳಿ

ಜೊತೆಗೆ ಎಂಆರ್‌ಐ ಚೀಟಿಯಲ್ಲಿ ಒಂದು ಸಾಲು: "ಪ್ಯಾಚ್ ತೆಗೆದ ಸಮಯ ____, ಹೊಸದು ಹಾಕಿದ ಸಮಯ ____".